ಕೇಪಿನ ಕೋವಿಗೆ ಬಂದ ಕೆಟ್ಟ ಹೆಸರು

ಚುನಾವಣೆಯ ದಿನಾಂಕ ಗೊತ್ತಾಯಿತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಪೊಲೀಸ್ ಠಾಣೆಗಳಿಗೆ ಕೋವಿಗಳು ಬರತೊಡಗುತ್ತವೆ. ಲೈಸೆನ್ಸ್ ಇದ್ದವರು ಆಯುಧವನ್ನು ಠೇವಣಿ ಇಟ್ಟು ರಸೀದಿ ಪಡೆಯಬೇಕು, ಫಲಿತಾಂಶ ಬಂದ ಮೇಲೆ ಬಿಡಿಸಿಕೊಳ್ಳಬೇಕು. ಹಾಗೆ ಬರುವವುಗಳಲ್ಲಿ ತೋಟಾ ಕೋವಿಗೆ ಒಂದು ಗತ್ತು ಇದೆ. ಮಡಚಿ, ತೋಟಾ ಸೇರಿಸಿ, ಮುಚ್ಚಿದರೆ ಮುಗಿಯಿತು. ಅದರ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿರುವುದು ಕೇಪಿನ ಕೋವಿ: ಒಂಟಿ ನಳಿಗೆ, ಮೂತಿಯಿಂದಲೇ ಮದ್ದು ಚರೆ ತುಂಬಿ ಗಜದಲ್ಲಿ ಜಡಿಯಬೇಕು, ಹಿಂದೆ ಸಣ್ಣದೊಂದು ತೂತಿನ ಮೂತಿಗೆ ತಾಮ್ರದ ಕೇಪು ಕೂರಿಸಿ ಕುದುರೆ ಎಳೆಯಬೇಕು. ಬಿಎಂಶ್ರೀ ಹುಟ್ಟಿದ ಸಂಪಿಗೆಯ ಸುತ್ತಮುತ್ತಲಿನ ತೋಟಗಳಲ್ಲೂ, ಮಲೆನಾಡಿನಲ್ಲೂ ಇದರ ಬಗ್ಗೆ ಜನರ ತೀರ್ಪು ಒಂದೇ. ಅದನ್ನು ನಂಬಿ ಹಂದಿಗೆ ಎದುರು ನಿಲ್ಲಬಾರದು, ಹಾರಿದರೆ ಹಾರಿತು, ಇಲ್ಲದಿದ್ದರೆ ಠುಸ್.

ಹಾಗಿದ್ದೂ ಇದು ಇನ್ನೂ ಉಳಿದಿರುವುದಕ್ಕೆ ಕಾನೂನಿನಲ್ಲೇ ಒಂದು ಕಾರಣವಿದೆ. 1959ರ ಆಯುಧ ಕಾಯ್ದೆಯ 13ನೆಯ ಕಲಮು, ಬೆಳೆ ರಕ್ಷಣೆಗೆಂದು ಪ್ರಾಮಾಣಿಕವಾಗಿ ಕೇಳುವವರಿಗೆ ಕೊಡಬಹುದಾದ ಆಯುಧವೆಂದು ಮೂತಿಯಿಂದ ತುಂಬುವ ಕೋವಿಯನ್ನು ಹೆಸರಿಸಿಯೇ ಹೇಳುತ್ತದೆ. ಒಂದು ಈಡು ಹಾರಿಸಿದ ಮೇಲೆ ಇನ್ನೊಂದಕ್ಕೆ ಸಿದ್ಧವಾಗಲು ಅರ್ಧ ನಿಮಿಷವಾದರೂ ಬೇಕಾಗುವ ಆಯುಧವನ್ನು ಸರ್ಕಾರ ರೈತನ ಕೈಗೆ ಕೊಡಲು ಹಿಂಜರಿಯುವುದಿಲ್ಲ. ಪ್ರಾಣಿಯನ್ನು ಹೊಡೆಯುವುದು ಬೇರೆ ಮಾತು, ಅದಕ್ಕೆ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಬಹುಪಾಲು ಕೋವಿಗಳ ಕೆಲಸ ಸದ್ದು ಮಾಡಿ ಬೆದರಿಸುವುದು.

ಈಗ ತೀರ್ಪಿನ ವಿಷಯ. ‘ನಂಬಲಾಗದ ಆಯುಧ’ ಎಂಬ ಹಣೆಪಟ್ಟಿ ಕೇಪಿನ ಕೋವಿಗೆ ಸಲ್ಲುತ್ತದೆಯೇ? ಇತಿಹಾಸದ ಕಡತ ತೆರೆದರೆ ಸಿಗುವ ಉತ್ತರ ತಮಾಷೆಯಾಗಿದೆ. ಲೋಕದಲ್ಲಿ ಕೇಪು ಬಂದದ್ದೇ ಕೋವಿಯನ್ನು ನಂಬಿಕಸ್ಥ ಮಾಡಲು.

ಅದಕ್ಕೆ ಮುಂಚೆ ಇದ್ದದ್ದು ಚಕಮಕಿ ಕೋವಿ. ಕುದುರೆಯ ಬಾಯಲ್ಲಿ ಕಚ್ಚಿಸಿದ ಕಲ್ಲು ಉಕ್ಕಿನ ಪಟ್ಟಿಗೆ ಉಜ್ಜಿ ಕಿಡಿ ಹಾರಬೇಕು, ಆ ಕಿಡಿ ಬಟ್ಟಲಿನಲ್ಲಿ ತೆರೆದು ಬಿದ್ದಿರುವ ರಂಜಕದ ಪುಡಿಗೆ ತಾಗಬೇಕು, ರಂಜಕ ಉರಿದು ಆ ಜ್ವಾಲೆ ಪಕ್ಕದ ತೂತಿನೊಳಗೆ ನುಗ್ಗಿ ನಳಿಗೆಯ ಮದ್ದನ್ನು ಮುಟ್ಟಬೇಕು. ಗಾಳಿ ಬೀಸಿದರೆ ರಂಜಕ ಹಾರಿ ಹೋಗುತ್ತದೆ, ತುಂತುರು ಬಿದ್ದರೆ ನೆನೆಯುತ್ತದೆ, ಕಲ್ಲು ಸವೆದರೆ ಕಿಡಿಯೇ ಇಲ್ಲ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ತಯಾರಾಗಿ, ಹುಲಿಪಟ್ಟೆಯ ಅಲಂಕಾರ ಹೊತ್ತು, ಇಂದು ಲಂಡನ್ನಿನ ಹರಾಜುಗಳಲ್ಲಿ ಭಾರಿ ಬೆಲೆಗೆ ಹೋಗುವ ಬಂದೂಕು ಪಿಸ್ತೂಲುಗಳೂ ಈ ಚಕಮಕಿ ಜಾತಿಯವೇ. ಕುಸುರಿ ಎಷ್ಟೇ ಚೆನ್ನಾಗಿದ್ದರೂ ಮಳೆಗೆ ಭೇದವಿಲ್ಲ.

ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಊರಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್‌ಗೆ ಬಾತುಕೋಳಿ ಬೇಟೆಯ ಹುಚ್ಚು. ರಂಜಕದ ಬೆಳಕು ಮಿಂಚಿದ್ದನ್ನು ಕಂಡು ಚರೆ ತಲುಪುವುದರೊಳಗೆ ಹಕ್ಕಿಗಳು ತಪ್ಪಿಸಿಕೊಳ್ಳುತ್ತವೆಂಬುದು ಅವನ ತಕರಾರು. ಪೆಟ್ಟು ಬಿದ್ದ ಕೂಡಲೇ ಸಿಡಿಯುವ ಫಲ್ಮಿನೇಟ್ ಜಾತಿಯ ರಾಸಾಯನಿಕಗಳು ಆಗತಾನೇ ಪ್ರಯೋಗಾಲಯಗಳಲ್ಲಿ ಸದ್ದು ಮಾಡುತ್ತಿದ್ದವು. ಪಾದರಸದ ಫಲ್ಮಿನೇಟನ್ನು ಎಡ್ವರ್ಡ್ ಹೋವರ್ಡ್ ವಿವರಿಸಿದ್ದು 1800ರಲ್ಲಿ. ಫೋರ್ಸೈತ್ 1807ರಲ್ಲಿ ಪೇಟೆಂಟ್ ಪಡೆದ. ಮುಂದಿನ ಹದಿನೈದಿಪ್ಪತ್ತು ವರ್ಷಗಳಲ್ಲಿ ಆ ಮದ್ದು ಪುಟ್ಟ ತಾಮ್ರದ ಟೋಪಿಯೊಳಗೆ ಸೇರಿ ಕೇಪಾಯಿತು. ಅದನ್ನು ಮೊದಲು ಮಾಡಿದ್ದು ತಾನೇ ಎಂದವರು ಹಲವರು. ಆ ಜಗಳ ನಮಗೆ ಬೇಡ.

ಬ್ರಿಟಿಷ್ ಸೈನ್ಯ ಇದನ್ನು ಸುಲಭಕ್ಕೆ ನಂಬಲಿಲ್ಲ. 1834ರಲ್ಲಿ ವೂಲಿಚ್‌ನಲ್ಲಿ ಎರಡೂ ಜಾತಿಯ ಬಂದೂಕುಗಳಿಂದ ತಲಾ 6000 ಈಡು ಹಾರಿಸಿ ನೋಡಿದರು, ಬಿಸಿಲು ಮಳೆ ಎನ್ನದೆ ಎಲ್ಲ ಹವೆಯಲ್ಲಿ. ಚಕಮಕಿ 922 ಸಲ ಕೈಕೊಟ್ಟಿತು. ಕೇಪು 36 ಸಲ. ಆರೂವರೆ ಈಡಿಗೆ ಒಂದು ಹುಸಿ ಎಲ್ಲಿ, 166ಕ್ಕೆ ಒಂದು ಎಲ್ಲಿ!

ಇಷ್ಟಾಗಿಯೂ ಹಳೆಯ ಬಂದೂಕುಗಳು ಹತ್ತಾರು ವರ್ಷ ಸೈನಿಕರ ಹೆಗಲ ಮೇಲೆಯೇ ಉಳಿದವು, ಅದರಲ್ಲೂ ಕಂಪನಿಯ ಸಿಪಾಯಿಗಳ ಹೆಗಲ ಮೇಲೆ. 1841ರ ಮೇ ತಿಂಗಳ ಕೊನೆಯಲ್ಲಿ ಚೀನಾದ ಕ್ಯಾಂಟನ್ ಹತ್ತಿರ ಸಾನ್‌ಯುವಾನ್‌ಲಿ ಎಂಬಲ್ಲಿ 37ನೆಯ ಮದ್ರಾಸ್ ದೇಶೀ ಪದಾತಿದಳದ ಒಂದು ತುಕಡಿ ಜಡಿಮಳೆಯಲ್ಲಿ ದಾರಿ ತಪ್ಪಿತು. ಸುತ್ತ ಸಾವಿರಾರು ಹಳ್ಳಿಗರು, ಅವರ ಕೈಯಲ್ಲಿ ಭರ್ಜಿ. ಸಿಪಾಯಿಗಳ ಚಕಮಕಿಗಳು ನೆನೆದು ಹಾರಲೇ ಇಲ್ಲ. ಸನೀನು ಚಾಚಿಕೊಂಡು ಚೌಕ ಕಟ್ಟಿ ನಿಂತರು. ಕತ್ತಲಾದ ಮೇಲೆ ಅವರನ್ನು ಹುಡುಕಿ ಬಿಡಿಸಿಕೊಂಡು ಬಂದ ನೌಕಾಪಡೆಯ ತುಕಡಿಗಳ ಬಳಿ ಇದ್ದದ್ದು ಕೇಪಿನ ಬಂದೂಕು, ಅದೇ ಮಳೆಯಲ್ಲಿ ಅವು ಹಾರಿದವು. ನಮ್ಮ ತೋಟಗಳಲ್ಲಿ ‘ಮಳೆ ಬಂದರೆ ಮುಗೀತು’ ಎಂದು ಬೈಸಿಕೊಳ್ಳುವ ಯಂತ್ರ ಒಂದು ಕಾಲದಲ್ಲಿ ಮಳೆಯನ್ನು ಗೆದ್ದ ಯಂತ್ರ.

ಇನ್ನೊಂದು ಪರೀಕ್ಷೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1911ರ ಮಾರ್ಚಿನಲ್ಲಿ ಅಮೆರಿಕದ ಸೈನ್ಯ ಹೊಸ ಪಿಸ್ತೂಲು ಆರಿಸಲು ಎರಡು ಕಂಪನಿಗಳ ಮಾದರಿಗಳನ್ನು ಪರೀಕ್ಷೆಗೆ ಇಟ್ಟಿತು, ಕೋಲ್ಟ್ ಮತ್ತು ಸ್ಯಾವೇಜ್. ಕಾಕತಾಳೀಯವೆಂಬಂತೆ ಅಲ್ಲೂ ತಲಾ 6000 ಗುಂಡು. ಜಾನ್ ಬ್ರೌನಿಂಗ್ ವಿನ್ಯಾಸದ ಕೋಲ್ಟ್ ಒಮ್ಮೆಯೂ ತಡೆಯಲಿಲ್ಲ. ಸ್ಯಾವೇಜ್‌ನಲ್ಲಿ ಸಿಕ್ಕಿಕೊಂಡದ್ದು, ಬಿಡಿಭಾಗ ಕೆಟ್ಟದ್ದು ಸೇರಿ 37 ತೊಂದರೆಗಳು ದಾಖಲಾದವು. ಕೋಲ್ಟ್ ಸೈನ್ಯ ಸೇರಿ ಮುಂದಿನ ಎಪ್ಪತ್ತು ಚಿಲ್ಲರೆ ವರ್ಷ ಆಳಿತು. ಸ್ಯಾವೇಜ್ ಸೋತ ಪಿಸ್ತೂಲೆಂಬ ಹೆಸರು ಹೊತ್ತಿತು.

ಆ ಎರಡು ಅಂಕಿಗಳನ್ನು ನೋಡಿ. 1834ರಲ್ಲಿ 6000ಕ್ಕೆ 36 ವಿಜಯ, 1911ರಲ್ಲಿ 6000ಕ್ಕೆ 37 ಅವಮಾನ. ಸೋಲಿನ ಪ್ರಮಾಣ ಹೆಚ್ಚುಕಡಿಮೆ ಒಂದೇ, ಸಾವಿರಕ್ಕೆ ಆರು. ಬದಲಾದದ್ದು ಪಕ್ಕದಲ್ಲಿ ನಿಂತಿದ್ದ ಪ್ರತಿಸ್ಪರ್ಧಿ. ಚಕಮಕಿಯ ಪಕ್ಕದಲ್ಲಿ ಕೇಪು ದೇವರು. ಹಿತ್ತಾಳೆ ತೋಟಾದ ಪಕ್ಕದಲ್ಲಿ ಅದೇ ಕೇಪು ಗುಜರಿ. ಸ್ಯಾವೇಜ್‌ಗೆ ಆದ ಅನ್ಯಾಯ ನಮ್ಮ ತೋಟಗಳ ಕೇಪಿನ ಕೋವಿಗೆ ಆದದ್ದಕ್ಕಿಂತ ಕಡಿಮೆ ಎಂದೇ ನನಗೆ ಅನಿಸುವುದು, ಏಕೆಂದರೆ ಅದನ್ನು ಕನಿಷ್ಠ ಯಾರೋ ಎಣಿಸಿ ನೋಡಿದ್ದರು.

ಎಣಿಕೆಯ ಕಷ್ಟ ದೊಡ್ಡದು. ತೋಟದವನೊಬ್ಬ ವರ್ಷಕ್ಕೆ ಹತ್ತು ಈಡು ಹಾರಿಸುತ್ತಾನೆ ಎನ್ನೋಣ, ಒಂದು ಹುಸಿ ಹೋಯಿತು. ‘ಹತ್ತಕ್ಕೊಂದು ಕೈಕೊಡುತ್ತದೆ’ ಎಂದು ಊರೆಲ್ಲ ಸಾರಿದ. ಸಂಖ್ಯಾಶಾಸ್ತ್ರದ ಲೆಕ್ಕ ಹಾಕಿದರೆ, ಹತ್ತರಲ್ಲಿ ಒಂದು ಸೋಲು ಕಂಡಾಗ ನಿಜವಾದ ಸೋಲಿನ ಪ್ರಮಾಣ ಶೇ. 0.25ರಿಂದ ಶೇ. 44ರ ನಡುವೆ ಎಲ್ಲಿ ಬೇಕಾದರೂ ಇರಬಹುದು, ಶೇ. 95ರ ಭರವಸೆಯಲ್ಲಿ ಹೇಳಬಹುದಾದದ್ದು ಅಷ್ಟೇ. ವೂಲಿಚ್‌ನ ಕೇಪು, ವೂಲಿಚ್‌ನ ಚಕಮಕಿ, ಎರಡೂ ಆ ವ್ಯಾಪ್ತಿಯೊಳಗೆ ಆರಾಮವಾಗಿ ಕೂರುತ್ತವೆ. ಇನ್ನೊಬ್ಬ ‘ನನ್ನದು ಒಂದು ಸಲವೂ ತಪ್ಪಿಲ್ಲ’ ಎನ್ನುತ್ತಾನೆ. ಅದಕ್ಕೂ ಒಂದು ಸುಲಭ ಸೂತ್ರವಿದೆ: ಸೋಲೇ ಇಲ್ಲದೆ ಎಷ್ಟು ಈಡು ಹಾರಿತೋ ಅದರಿಂದ ಮೂರನ್ನು ಭಾಗಿಸಿ, ಸೋಲಿನ ಪ್ರಮಾಣ ಅದಕ್ಕಿಂತ ಹೆಚ್ಚಿಲ್ಲ ಎಂದು ಮಾತ್ರ ಹೇಳಬಹುದು. ನೂರು ಈಡು ತಪ್ಪದೆ ಹಾರಿದರೂ ನೂರಕ್ಕೆ ಮೂರು ಹುಸಿಯ ಸಾಧ್ಯತೆ ಇದ್ದೇ ಇದೆ. ಒಂದೂ ತಪ್ಪದ 6000ದ ಪರೀಕ್ಷೆಯಿಂದಲೂ ಕೋಲ್ಟ್ ಸಾಬೀತು ಮಾಡಿದ್ದು ಎರಡು ಸಾವಿರಕ್ಕೆ ಒಂದಕ್ಕಿಂತ ಹೆಚ್ಚು ತಪ್ಪುವುದಿಲ್ಲ ಎಂಬುದನ್ನಷ್ಟೇ. ಇನ್ನು ನೆನಪು ಎಂಬ ದಫ್ತರವಂತೂ ಪಕ್ಷಪಾತಿ. ಮಂಗ ಓಡಿಸಲು ಹಾರಿಸಿದ ಈಡು ಯಾರಿಗೂ ನೆನಪಿರುವುದಿಲ್ಲ. ಸಸಿ ಕಿತ್ತು ತಿನ್ನುತ್ತಿದ್ದ ಹಂದಿಯೆದುರು ಠುಸ್ ಅಂದದ್ದು ಮೊಮ್ಮಕ್ಕಳವರೆಗೂ ಬರುತ್ತದೆ.

ಹಾಗೆಂದು ತೋಟದ ಕೋವಿಗಳು ವೂಲಿಚ್‌ನ ಕೋವಿಗಳಷ್ಟು ಚೆನ್ನಾಗಿ ಹಾರುತ್ತವೆಂದು ನಾನು ವಾದಿಸುತ್ತಿಲ್ಲ. ಹಾರುವುದಿಲ್ಲ, ಅದು ನಿಜ. ಪ್ರಶ್ನೆ, ದೂರು ಕೋವಿಯ ಮೇಲೋ, ಅದರೊಳಗೆ ಹೋಗುವುದರ ಮೇಲೋ ಎಂಬುದು.

ಕರಿಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಶುದ್ಧ ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್, ಗಾಳಿಯಿಂದ ನೀರು ಹೀರಿ ಕರಗತೊಡಗುವುದು ತೇವಾಂಶ ಶೇ. 92ರ ಆಸುಪಾಸು ದಾಟಿದ ಮೇಲೆ. ತಿಪಟೂರು ಸೀಮೆ ಮಲೆನಾಡಲ್ಲ, ಅಷ್ಟು ತೇವ ಇಲ್ಲಿ ಮಳೆಗಾಲದ ಬೆಳಗಿನ ಜಾವಗಳಲ್ಲಿ ಬಿಟ್ಟರೆ ಅಪರೂಪ. ಆದರೆ ಅದರ ಅಣ್ಣತಮ್ಮಂದಿರು ಬೇರೆ. ಸೋಡಿಯಂ ನೈಟ್ರೇಟ್ ಶೇ. 74ಕ್ಕೇ ಒದ್ದೆಯಾಗುತ್ತದೆ. ಕ್ಯಾಲ್ಸಿಯಂ ನೈಟ್ರೇಟ್‌ಗೆ ಶೇ. 50 ಸಾಕು, ಅದು ಇಲ್ಲಿ ಬಹುತೇಕ ದಿನಗಳ ಸಂಗತಿ.

ಇದೇ ಕಾರಣಕ್ಕೆ ಹಳೆಯ ಮೈಸೂರಿನಲ್ಲಿ ಮಣ್ಣು ತೊಳೆದು ಉಪ್ಪು, ಪೆಟ್ಲುಪ್ಪು ತೆಗೆಯುತ್ತಿದ್ದ ಉಪ್ಪಾರರ ಕೈಚಳಕ ಯುದ್ಧದ ಫಲವನ್ನೇ ತೀರ್ಮಾನಿಸುವಷ್ಟು ಮುಖ್ಯವಾಗಿತ್ತು. ಹಟ್ಟಿಯ ಮಣ್ಣಿನಲ್ಲಿ ಮೊದಲು ಸಿಗುವುದರಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಪಾಲು ದೊಡ್ಡದು. ಅದಕ್ಕೆ ಸೌದೆಯ ಬೂದಿಯ ನೀರು ಬೆರೆಸಿದಾಗ ಬೂದಿಯ ಪೊಟ್ಯಾಶ್ ಜಾಗ ಬದಲಿಸಿ ಪೆಟ್ಲುಪ್ಪಾಗುತ್ತದೆ. ಬೂದಿ ಕಡಿಮೆ ಬಿದ್ದರೆ ಕ್ಯಾಲ್ಸಿಯಂ ಉಳಿಯುತ್ತದೆ, ಆ ಮದ್ದು ಚೀಲದಲ್ಲೇ ಬೆವರುತ್ತದೆ. ಕುದಿಸಿ ಆರಿಸುವ ಕ್ರಮದಲ್ಲೂ ವಿಜ್ಞಾನವಿದೆ. ನೂರು ಗ್ರಾಂ ಕುದಿಯುವ ನೀರು ಸುಮಾರು 245 ಗ್ರಾಂ ಪೆಟ್ಲುಪ್ಪು ಹಿಡಿದುಕೊಳ್ಳುತ್ತದೆ, ತಣ್ಣಗಾದರೆ 30ರಷ್ಟು ಮಾತ್ರ. ಅಡುಗೆ ಉಪ್ಪು ಬಿಸಿಗೂ ತಂಪಿಗೂ ಹೆಚ್ಚುಕಡಿಮೆ ಅಷ್ಟೇ ಕರಗುತ್ತದೆ. ಹಾಗಾಗಿ ಆರಿದಾಗ ಪೆಟ್ಲುಪ್ಪು ಹರಳುಗಟ್ಟಿ ಕೆಳಗೆ, ಉಪ್ಪು ನೀರಿನಲ್ಲೇ ಉಳಿದು ಆಚೆಗೆ. ಸರಿಯಾಗಿ ಮಾಡಿದ ಕರಿಮದ್ದು ಒಣಗಿದ್ದರೆ ಎಷ್ಟು ಕಾಲ ಬೇಕಾದರೂ ಇರುತ್ತದೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಾಳುಬಾವಿಯೊಂದರಿಂದ ಟಿಪ್ಪು ಕಾಲದ್ದೆಂದು ಹೇಳಲಾದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕಿದಾಗ, ಬಾವಿಯ ಮಣ್ಣೇ ಮದ್ದಿನ ವಾಸನೆ ಬೀರುತ್ತಿತ್ತು.

ಇದ್ದಿಲಿನ ಪಾಲನ್ನೂ ಮರೆಯುವಂತಿಲ್ಲ. ತಿಪಟೂರಿನ ಸುತ್ತ ಚಿಪ್ಪಿನ ಇದ್ದಿಲಿಗೆ ಬರವಿಲ್ಲ. ಅದೇ ಚಿಪ್ಪಿನ ಇದ್ದಿಲು ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಗಳಲ್ಲಿ ಸೈನಿಕರ ಉಸಿರು ಉಳಿಸಿತು. ಆದರೆ ಮದ್ದಿಗೆ ಅದು ಬರದು. ಚಿಪ್ಪಿನ ಇದ್ದಿಲು ಗಟ್ಟಿ, ಭಾರ, ನಿಧಾನಕ್ಕೆ ಉರಿಯುವಂಥದು. ಮದ್ದಿಗೆ ಬೇಕಾದದ್ದು ಹಗುರ ಸೌದೆಯ, ಹತ್ತಿದೊಡನೆ ಉರಿದು ಮುಗಿಯುವ ಇದ್ದಿಲು. ಯುರೋಪಿನಲ್ಲಿ ವಿಲೋ ಮರ, ನಮ್ಮ ದೇಶದಲ್ಲಿ ತೊಗರಿ ಕಡ್ಡಿ.

ಇನ್ನು ಹಾರಿದ ಮೇಲಿನ ಕಥೆ. ಇಂದಿನ ತೋಟಾದೊಳಗಿನ ಹೊಗೆರಹಿತ ಮದ್ದು ಬಹುಪಾಲು ಅನಿಲವಾಗಿಯೇ ಹೋಗಿಬಿಡುತ್ತದೆ. ಕರಿಮದ್ದು ಹಾಗಲ್ಲ, ತೂಕದ ಅರ್ಧಕ್ಕಿಂತ ಹೆಚ್ಚು ಉರಿದ ಮೇಲೆ ಘನ ವಸ್ತುವಾಗುತ್ತದೆ. ಸ್ವಲ್ಪ ಹೊಗೆಯಾಗಿ ಹಾರುತ್ತದೆ, ಉಳಿದದ್ದು ನಳಿಗೆಯ ಗೋಡೆಗೂ ಕೇಪಿನ ತೂತಿಗೂ ಮೆತ್ತಿಕೊಳ್ಳುತ್ತದೆ. ಅದರಲ್ಲಿ ದೊಡ್ಡ ಪಾಲು ಪೊಟ್ಯಾಸಿಯಂ ಕಾರ್ಬೊನೇಟ್, ಶೇ. 43 ತೇವಕ್ಕೇ ನೀರು ಕುಡಿಯುವ ಲವಣ. ಸಂಜೆ ಹಾರಿಸಿ ಒರೆಸದೆ ಮೂಲೆಗಿಟ್ಟ ಕೋವಿಯ ನಳಿಗೆ ಬೆಳಗಿನೊಳಗೆ ಒಳಗಿಂದಲೇ ಒದ್ದೆ. ಕೇಪುಗಳ ಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇದ್ದರೆ ಸಿಡಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ದಾಯಾದಿ. ಉಪ್ಪು ಕಬ್ಬಿಣಕ್ಕೆ ಏನು ಮಾಡುತ್ತದೆಂದು ಬೇರೆ ಹೇಳಬೇಕಿಲ್ಲ. ಒಂದು ಮಿಲಿಮೀಟರ್ ಆಚೀಚೆಯ ಆ ತೂತು ತುಕ್ಕು ಕೂತು ಮುಚ್ಚಿಹೋಗಲು ಒಂದು ಮಳೆಗಾಲ ಸಾಕು. ಆಮೇಲೆ ಕೇಪು ಚಟ್ ಎನ್ನುತ್ತದೆ, ಬೆಂಕಿ ಒಳಗೆ ಹೋಗುವುದಿಲ್ಲ. ಜನ ಹೇಳುವುದು: ಕೋವಿ ಕೈಕೊಟ್ಟಿತು.

ಈ ಸೀಮೆಯವರಿಗೆ ಇದೆಲ್ಲ ಹೊಸ ವಿದ್ಯೆಯೇನಲ್ಲ. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟು, ಕುಲುಕಿ, ಒಳಗಿನ ಗುಂಡು ಚಿಪ್ಪು ಬಿಟ್ಟು ಲಟಲಟ ಎನ್ನುವವರೆಗೂ ಮುಟ್ಟದೆ ಕಾಯುವವರು ಇವರು. ತೇವ ಶೇ. 6-7ಕ್ಕಿಂತ ಮೇಲಿದ್ದರೆ ಬೂಷ್ಟು ಹಿಡಿದು ಎಪಿಎಂಸಿ ಹರಾಜಿನಲ್ಲಿ ಬೆಲೆ ಬೀಳುತ್ತದೆಂದು ಗೊತ್ತು. ಕೊಬ್ಬರಿಗೆ ತೋರಿಸುವ ಆ ಶ್ರದ್ಧೆಯ ಹತ್ತರಲ್ಲೊಂದು ಪಾಲು ಮದ್ದಿನ ಡಬ್ಬಿಗೂ ಕೇಪಿನ ಪೊಟ್ಟಣಕ್ಕೂ ಸಿಕ್ಕಿದ್ದರೆ ಕೇಪಿನ ಕೋವಿಯ ಹೆಸರು ಬೇರೆಯೇ ಇರುತ್ತಿತ್ತು.

ಮದ್ದಿನ ತಪ್ಪಿಗೆ ಆಯುಧ ಬೈಸಿಕೊಂಡ ಉದಾಹರಣೆ ಹಳ್ಳಿಯದ್ದಷ್ಟೇ ಅಲ್ಲ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಎಂ-16 ಬಂದೂಕು ಸೈನಿಕರ ಕೈಯಲ್ಲೇ ಕಚ್ಚಿಕೊಂಡು ನಿಂತು ಪ್ರಾಣ ತೆಗೆದದ್ದು ದೊಡ್ಡ ರಗಳೆಯಾಯಿತು. 1967ರಲ್ಲಿ ಅಮೆರಿಕ ಸಂಸತ್ತಿನ ಸಮಿತಿ ಕೆದಕಿದಾಗ ಹೊರಬಿದ್ದದ್ದು ಇದು: ವಿನ್ಯಾಸಕಾರ ಯಾವ ಮದ್ದು ನಂಬಿ ಬಂದೂಕು ಮಾಡಿದ್ದನೋ ಅದನ್ನು ಬದಲಿಸಿ ಬೇರೆ ಜಾತಿಯ ಮದ್ದು ತುಂಬಲಾಗಿತ್ತು. ಹೊಸದು ಹೆಚ್ಚು ಮಸಿ ಬಿಡುತ್ತಿತ್ತು, ಯಂತ್ರವನ್ನು ಅತಿ ವೇಗವಾಗಿ ಓಡಿಸುತ್ತಿತ್ತು. ಇದಕ್ಕೆ ಒರೆಸುವುದೇ ಬೇಡ ಎಂಬ ಗಾಳಿಮಾತು ಹಬ್ಬಿ, ಒರೆಸುವ ಸಾಮಾನನ್ನೂ ಸರಿಯಾಗಿ ಕೊಟ್ಟಿರಲಿಲ್ಲ. ತೋಟಾ ಕೂರುವ ಗೂಡಿಗೆ ಕ್ರೋಮ್ ಲೇಪ ಕೊಟ್ಟು, ಮದ್ದು ಸರಿಪಡಿಸಿ, ಒರೆಸಲು ಕಲಿಸಿದ ಮೇಲೆ ಅದೇ ಬಂದೂಕಿನ ವಂಶ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. ಕೆಟ್ಟ ಹೆಸರು ಮಾತ್ರ ಹಳೆಯ ಸೈನಿಕರ ಬಾಯಲ್ಲಿ ಇಂದೂ ಇದೆ.

ನಮ್ಮ ಕೋವಿಗಳ ಪಾಡು ಇದಕ್ಕಿಂತ ಸರಳ, ಇದಕ್ಕಿಂತ ಕೆಟ್ಟದ್ದು. ಚುನಾವಣೆಗೊಮ್ಮೆ ಠಾಣೆಯ ಕೋಣೆಯಲ್ಲಿ ವಾರಗಟ್ಟಲೆ ಒರಗಿ ನಿಲ್ಲುತ್ತವೆ, ಎಣ್ಣೆ ಕಾಣುವುದಿಲ್ಲ. ಲೈಸೆನ್ಸ್ ಅಜ್ಜನ ಹೆಸರಿನಿಂದ ಅಪ್ಪನ ಹೆಸರಿಗೆ ಬರುವಾಗ ಕೋವಿ ಮಾತ್ರ ಬರುತ್ತದೆ, ಅದನ್ನು ನೋಡಿಕೊಳ್ಳುವ ವಿದ್ಯೆ ಬರುವುದಿಲ್ಲ.

ಜೋಡುನಳಿಗೆ ಇದ್ದರೆ ಒಂದು ತಪ್ಪಿದರೂ ಇನ್ನೊಂದಿದೆ ಎನ್ನುವವರಿದ್ದಾರೆ. ಎರಡು ನಳಿಗೆಗಳ ಸೋಲುಗಳು ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಲೆಕ್ಕ ಸರಿ: ಆರಕ್ಕೊಂದು ತಪ್ಪುವ ಎರಡು ನಳಿಗೆ ಒಟ್ಟಿಗೆ ತಪ್ಪುವುದು ಮೂವತ್ತಾರಕ್ಕೊಂದು. ಆದರೆ ಎರಡಕ್ಕೂ ಹೋಗಿರುವುದು ಒಂದೇ ಡಬ್ಬಿಯ ಮದ್ದು, ಎರಡರ ಮೇಲೂ ಕೂತಿರುವುದು ಒಂದೇ ಪೊಟ್ಟಣದ ಕೇಪು, ಎರಡೂ ನೆನೆದದ್ದು ಒಂದೇ ಇಬ್ಬನಿಯಲ್ಲಿ. ಒಂದು ತಪ್ಪಿದ ಕಾರಣಕ್ಕೇ ಇನ್ನೊಂದೂ ತಪ್ಪುತ್ತದೆ. ವಿಮಾನದ ಎಂಜಿನ್ನುಗಳ ವಿಚಾರದಲ್ಲೂ ಎಂಜಿನಿಯರುಗಳು ಹೆದರುವುದು ಇದಕ್ಕೇ.

ಕೇಪಿನ ಕೋವಿಯ ನಿಜವಾದ ದೋಷ ಬೇರೆ ಇದೆ, ಅದು ಹಾರದಿರುವುದಲ್ಲ. ಹಾರಲಿಲ್ಲ ಎಂಬುದು ಗೊತ್ತಾಗದಿರುವುದು. 1863ರಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್ ಕಾಳಗ ಮುಗಿದ ಮೇಲೆ ರಣಭೂಮಿಯಿಂದ ಆಯ್ದು ತಂದ 27,574 ಬಂದೂಕುಗಳನ್ನು ಪರೀಕ್ಷಿಸಿದರು. ಬಹುತೇಕ ಎಲ್ಲ ಮೂತಿಯಿಂದ ತುಂಬುವ ಕೇಪಿನವು. ಸುಮಾರು 24,000ದಲ್ಲಿ ಈಡು ತುಂಬಿದಂತೆಯೇ ಇತ್ತು. ಅದರಲ್ಲಿ ಅರ್ಧದಷ್ಟರಲ್ಲಿ ಎರಡು ಈಡು, ಕಾಲು ಭಾಗದಲ್ಲಿ ಮೂರರಿಂದ ಹತ್ತು. ಒಂದರಲ್ಲಿ ಇಪ್ಪತ್ತಮೂರು ಈಡುಗಳು ಒಂದರ ಮೇಲೊಂದು ಜಡಿದಿದ್ದವು. ಕೇಪು ಕೂರಿಸುವುದನ್ನೇ ಮರೆತರೋ, ಕೇಪು ಸಿಡಿದೂ ಮದ್ದು ಹತ್ತಲಿಲ್ಲವೋ, ಆ ಗದ್ದಲದಲ್ಲಿ ತನ್ನ ಬಂದೂಕು ಹಾರಿತೆಂದೇ ತಿಳಿದು ಸೈನಿಕ ಮತ್ತೆ ಮತ್ತೆ ತುಂಬುತ್ತ ಹೋಗಿದ್ದ.

ತೋಟದಲ್ಲಿ ಗದ್ದಲವಿಲ್ಲ, ಮರೆವು ಇದೆ. ರಾತ್ರಿ ಠುಸ್ ಅಂದ ಕೋವಿಯನ್ನು ಬೇಸರದಲ್ಲಿ ಬಾಗಿಲ ಹಿಂದೆ ನಿಲ್ಲಿಸಿ ಮಲಗುತ್ತಾರೆ. ತಿಂಗಳ ಮೇಲೆ ಮಗನೋ ಅಳಿಯನೋ ಖಾಲಿ ಎಂದುಕೊಂಡು ಮತ್ತೊಂದು ಈಡು ಜಡಿಯುತ್ತಾನೆ. ಆ ದಿನ ಕೇಪು ಚೆನ್ನಾಗಿಯೇ ಕೆಲಸ ಮಾಡಿದರೆ ಒಡೆಯುವುದು ನಳಿಗೆ. ಕೆಲವು ಸಲ ಕೇಪು ಸಿಡಿದು ಒಂದೆರಡು ಕ್ಷಣ ಬಿಟ್ಟು ಈಡು ಹಾರುವುದೂ ಉಂಟು. ಅಷ್ಟರಲ್ಲಿ ಮೂತಿಯೊಳಗೆ ಇಣುಕಿದವನ ಗತಿ ಹೇಳುವುದು ಬೇಡ. ಠುಸ್ ಅಂದಾಗ ಮೂತಿಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ ಹಿಡಿದೇ ಒಂದೆರಡು ನಿಮಿಷ ಕಾಯಬೇಕು.

ಎರಡು ಈಡಿನ ಅಪಾಯಕ್ಕೆ ಹಳಬರು ಕಂಡುಕೊಂಡ ಉಪಾಯ ಗಜದ ಮೇಲೇ ಇರುತ್ತದೆ. ಖಾಲಿ ನಳಿಗೆಗೆ ಗಜ ಇಳಿಬಿಟ್ಟಾಗ ಮೂತಿಗೆ ಸರಿಯಾಗಿ ಬರುವ ಜಾಗದಲ್ಲಿ ಒಂದು ಗೀರು, ಒಂದು ಈಡು ಇದ್ದಾಗ ಬರುವ ಜಾಗದಲ್ಲಿ ಇನ್ನೊಂದು. ಹಳೆಯ ಕೋವಿ ಕೈಗೆ ಬಂದವರು ಮೊದಲು ಕೇಪಿನ ಮೂತಿ ಬರಿದಾಗಿದೆಯೇ ನೋಡಿ, ನಳಿಗೆಯ ಮೂತಿಯನ್ನು ಮೈಯಿಂದ ಆಚೆ ಇಟ್ಟುಕೊಂಡು, ಗಜ ಇಳಿಸಿ ಖಾಲಿ ನಳಿಗೆಯ ಗೀರು ಎಲ್ಲಿ ನಿಂತಿತೆಂದು ನೋಡಬೇಕು. ಗೀರು ಮೇಲೇ ಉಳಿದರೆ ಒಳಗೆ ಯಾರದೋ ಈಡು ಕೂತಿದೆ.